ಬತ್ತಿಸಿದ ಜೌಗಿನಲ್ಲಿ ಹಳೆಯ ಬಸಿಗಾಲುವೆ ಹುಡುಕುವುದು ಹೇಗೆ: ಇಂಗ್ಲೆಂಡಿನ ಫೆನ್ಸ್ ಬಯಲಿನಲ್ಲಿ ಒಂದು ದಿನ

ಕೇಂಬ್ರಿಜ್ ದಾಟಿ ಈಲಿ ಕಡೆಗೆ ಹೋಗುವ ರೈಲಿನಲ್ಲಿ ಕಿಟಕಿಯ ಪಕ್ಕ ಕೂತರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅಲ್ಲಿ ನದಿ ಹೊಲಕ್ಕಿಂತ ಮೇಲಿದೆ. ಏರಿಯ ಆಚೆ ನೀರು ಕಾಣುವುದಿಲ್ಲ, ದೋಣಿಯ ಮೇಲ್ಭಾಗ ಮಾತ್ರ ಏರಿಯ ಮೇಲೆ ತೇಲಿದಂತೆ ಸಾಗುತ್ತದೆ. ಕೆರೆ ಏರಿಯ ಕೆಳಗೆ ಗದ್ದೆಯಿರುವುದನ್ನು ನೋಡಿ ಬೆಳೆದ ನಮಗೆ ಇದು ಹೊಸದೆನಿಸದೆ ಹೋಗಬಹುದು. ಆದರೆ ನಮ್ಮ ಕೆರೆಯ ತೂಬು ನೀರನ್ನು ಗದ್ದೆಗೆ ಇಳಿಸುತ್ತದೆ. ಇಲ್ಲಿಯ ಪಂಪು ಗದ್ದೆಯ ನೀರನ್ನು ನದಿಗೆ ಏರಿಸುತ್ತದೆ. ಪಂಪು ನಿಂತರೆ ಬಯಲು ನಿಧಾನವಾಗಿ ಮತ್ತೆ ಕೆಸರಾಗುತ್ತದೆ.

ಇದು ಇಂಗ್ಲೆಂಡಿನ ಪೂರ್ವದ ಫೆನ್ಸ್ ಪ್ರದೇಶ. ಕೇಂಬ್ರಿಜ್‌ಶೈರ್, ಲಿಂಕನ್‌ಶೈರ್, ನಾರ್ಫಕ್ ಜಿಲ್ಲೆಗಳಲ್ಲಿ ಹರಡಿರುವ, ಸುಮಾರು 3,900 ಚದರ ಕಿಲೋಮೀಟರಿನ ಸಪಾಟು ನೆಲ. ಇಲ್ಲಿ ಜನ ಕಂಚಿನ ಯುಗದಿಂದ ಇಂದಿನವರೆಗೆ ನೀರಿನ ಜೊತೆ ಗುದ್ದಾಡಿದ ಗುರುತುಗಳು ಒಂದರ ಮೇಲೊಂದು ಬಿದ್ದಿವೆ. ಅವನ್ನು ಓದಲು ಗುದ್ದಲಿ ಬೇಕಿಲ್ಲ, ಪದವಿಯೂ ಬೇಕಿಲ್ಲ. ಕೇಂಬ್ರಿಜ್, ಪೀಟರ್‌ಬರೋ ಸುತ್ತ ನೆಲೆಸಿರುವ ಕನ್ನಡಿಗರಿಗೆ ಇದು ಒಂದು ಭಾನುವಾರದ ಕೆಲಸ. ಊರಿನಲ್ಲೇ ಇರುವವರು ಅರ್ಧ ಭಾಗವನ್ನು ಕಂಪ್ಯೂಟರಿನ ಮುಂದೆ ಕೂತು ಮಾಡಬಹುದು.

ಹೊರಡುವ ಮುನ್ನ: ಇಲ್ಲಿ ಮೇಲು ಕೀಳು ತಿರುವುಮುರುವು

ಇದೊಂದು ತಿಳಿಯದಿದ್ದರೆ ಉಳಿದದ್ದೆಲ್ಲ ತಪ್ಪುತ್ತದೆ. ಫೆನ್ಸ್‌ನ ಒಳಭಾಗದ ಕಪ್ಪು ಮಣ್ಣಿಗೆ ಪೀಟ್ ಎನ್ನುತ್ತಾರೆ. ನೀರಿನಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಒತ್ತೊತ್ತಾಗಿ ಕೂತ ಜೊಂಡು, ಹುಲ್ಲು, ಬೇರುಗಳ ರಾಶಿ ಅದು. ನೀರು ಬಸಿದರೆ ಹಿಂಡಿದ ಸ್ಪಂಜಿನಂತೆ ಕುಗ್ಗುತ್ತದೆ. ಗಾಳಿ ತಾಗಿದ ಮೇಲೆ ಕೊಳೆಯುವಿಕೆ ಮುಂದುವರಿದು ಕರಗಿಯೇ ಹೋಗುತ್ತದೆ. ಹೂಳು ಮತ್ತು ಜೇಡಿ ಹಾಗೆ ಕುಗ್ಗುವುದಿಲ್ಲ.

ಪರಿಣಾಮ ನೋಡಿ. ಹಿಂದೆ ಸಮುದ್ರದ ಉಬ್ಬರ ನುಗ್ಗುತ್ತಿದ್ದ ತೊರೆಗಳ ತಳದಲ್ಲಿ ಹೂಳು ತುಂಬಿತು. ಸುತ್ತಲಿನ ಪೀಟ್ ಕುಗ್ಗಿತು. ಒಂದು ಕಾಲಕ್ಕೆ ಎಲ್ಲಕ್ಕಿಂತ ತಗ್ಗಾಗಿದ್ದ ತೊರೆಯ ಪಾತ್ರ ಈಗ ಹೊಲದ ನಡುವೆ ಅಂಕುಡೊಂಕಾದ ದಿಬ್ಬವಾಗಿ ನಿಂತಿದೆ. ಸ್ಥಳೀಯರು ಇದನ್ನು ರಾಡನ್ ಎನ್ನುತ್ತಾರೆ. ಪ್ರಿಕ್‌ವಿಲೋ ಎಂಬ ಊರು ಇಂಥ ಸತ್ತ ನದಿಯ ಬೆನ್ನ ಮೇಲೇ ಕಟ್ಟಿಕೊಂಡಿದೆ. ಗಟ್ಟಿ ನೆಲ ಅದೊಂದೇ ಆದ್ದರಿಂದ ಮನೆ ಕಟ್ಟಲು ಬೇರೆ ದಾರಿಯಿರಲಿಲ್ಲ.

ಕುಗ್ಗುವಿಕೆಯ ಅಳತೆ ಬೇಕಾದರೆ ಪೀಟರ್‌ಬರೋದ ದಕ್ಷಿಣಕ್ಕಿರುವ ಹೋಮ್ ಫೆನ್‌ಗೆ ಮೊದಲು ಹೋಗಿ. 1851ರಲ್ಲಿ ಅಲ್ಲಿ ಒಂದು ಕಬ್ಬಿಣದ ಕಂಬವನ್ನು, ತುದಿ ನೆಲಮಟ್ಟಕ್ಕೆ ಸಮವಾಗುವಂತೆ ಹೂತರು. ಪಕ್ಕದ ವಿಟ್ಲ್‌ಸಿ ಮಿಯರ್ ಎಂಬ ದೊಡ್ಡ ಸರೋವರವನ್ನು ಆಗಷ್ಟೇ ಬತ್ತಿಸುತ್ತಿದ್ದರು. ಈಗ ಕಂಬ ನೆಲದಿಂದ ಸುಮಾರು 4 ಮೀಟರ್ ಎದ್ದು ನಿಂತಿದೆ. ಕಂಬ ಮೇಲೆ ಬಂದಿಲ್ಲ, ನೆಲ ಇಳಿದಿದೆ. ಅದರ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದರೆ, ಆ ಕಾಲದ ರೈತನ ಬೂಟು ನಿಮ್ಮ ತಲೆಗಿಂತ ಎರಡು ಮೀಟರ್ ಮೇಲೆ ನಡೆದಾಡುತ್ತಿತ್ತು ಎಂಬುದು ಹೊಳೆಯುತ್ತದೆ. ಆ ಸರೋವರದ ತಳದ ಕೆಸರಿನಲ್ಲಿ 1850ರಲ್ಲಿ ಸಿಕ್ಕಿದ್ದು ರ‍್ಯಾಮ್ಸಿ ಮಠದ್ದೆಂದು ಗುರುತಿಸಲಾದ ಬೆಳ್ಳಿಯ ಧೂಪದಾನಿ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ.

ಮೊದಲ ಹೆಜ್ಜೆ: ನಕ್ಷೆಯಲ್ಲಿ ಹೆಸರು ಓದಿ

ಮನೆಯಲ್ಲೇ ಒಂದು ಸಂಜೆ ಕೂರಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸರ್ವೆ ನಕ್ಷೆಗಳನ್ನು ಇಂದಿನ ಉಪಗ್ರಹ ಚಿತ್ರದ ಪಕ್ಕ ಇಟ್ಟು ನೋಡುವ ಅನುಕೂಲವಿದೆ, ಉಚಿತವಾಗಿ. ನಮ್ಮ ಊರಿನ ಸರ್ವೆ ನಕ್ಷೆಯಲ್ಲಿ ಹಳ್ಳ, ಹಿತ್ತಲು, ಕಟ್ಟೆಗಳ ಹೆಸರು ಹಳೆಯ ಕಥೆ ಹೇಳುವಂತೆ ಇಲ್ಲಿಯೂ ಹೆಸರುಗಳು ಬಾಯಿ ಬಿಡುತ್ತವೆ.

ಕೊನೆಯಲ್ಲಿ ‘ಈ’ ಅಥವಾ ‘ಇಯಾ’ ಎಂದು ಬರುವ ಊರುಗಳು, ಅಂದರೆ ಥಾರ್ನಿ, ರ‍್ಯಾಮ್ಸಿ, ವಿಟ್ಲ್‌ಸಿ, ಸ್ಟೋನಿಯಾ, ಒಂದು ಕಾಲಕ್ಕೆ ಜೌಗಿನ ನಡುವಿನ ದ್ವೀಪಗಳು. ‘ಲೋಡ್’ ಎಂದಿದ್ದರೆ ಊರಿನಿಂದ ನದಿಗೆ ತೋಡಿದ ಹಳೆಯ ಕಾಲುವೆ. ರೀಚ್ ಲೋಡ್‌ನಂಥ ಕೆಲವು ರೋಮನ್ ಕಾಲದವಿರಬಹುದು ಎಂಬ ಅಭಿಪ್ರಾಯವಿದೆ. ‘ಲೀಮ್’ ಎಂದರೂ ತೋಡಿದ ಕಾಲುವೆಯೇ. ‘ಅಡ್ವೆಂಚರರ್ಸ್ ಫೆನ್’ ಎಂದು ಕಂಡರೆ ಹದಿನೇಳನೆಯ ಶತಮಾನದಲ್ಲಿ ಜೌಗು ಬತ್ತಿಸಲು ಹಣ ಹೂಡಿ, ಪ್ರತಿಫಲವಾಗಿ ಭೂಮಿ ಪಡೆದವರ ಪಾಲು ಅದು. ‘ಮಿಲ್ ಡ್ರೋವ್’, ‘ಎಂಜಿನ್ ಡ್ರೋವ್’ ಎಂಬ ಹೆಸರಿನ ದಾರಿಯ ತುದಿಯಲ್ಲಿ ಈಗ ಏನೂ ಇಲ್ಲದಿದ್ದರೂ ಒಂದು ಕಾಲಕ್ಕೆ ನೀರೆತ್ತುವ ಗಾಳಿಯಂತ್ರವೋ ಉಗಿಯಂತ್ರವೋ ಇದ್ದಿರಬೇಕು.

ಆಮೇಲೆ ಲೈಡಾರ್. ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲದ ಏರುತಗ್ಗನ್ನು ಅಳೆಯುವ ವಿಧಾನವಿದು. ಇಂಗ್ಲೆಂಡಿನ ಪರಿಸರ ಸಂಸ್ಥೆ ಈ ಮಾಹಿತಿಯನ್ನು ಸಾರ್ವಜನಿಕರಿಗೆ ಉಚಿತವಾಗಿ ಕೊಡುತ್ತದೆ. ಕಾಲಿಗೆ ಗೊತ್ತಾಗದ ಅರ್ಧ ಮೀಟರಿನ ಉಬ್ಬು ಕೂಡ ಪರದೆಯ ಮೇಲೆ ಎದ್ದು ಕಾಣುತ್ತದೆ. ರಾಡನ್‌ಗಳು ಎಲೆಯ ನರಗಳಂತೆ ಕವಲೊಡೆದು ಇಡೀ ಬಯಲನ್ನು ತುಂಬಿರುವುದನ್ನು ಮೊದಲ ಸಲ ನೋಡಿದವರು ಆ ರಾತ್ರಿ ಬೇಗ ಮಲಗುವುದಿಲ್ಲ.

ಎರಡನೆಯ ಹೆಜ್ಜೆ: ನೀರು ಬರೆದ ಗೆರೆ ಯಾವುದು, ಗುದ್ದಲಿ ಬರೆದ ಗೆರೆ ಯಾವುದು

ಈಗ ಗೆರೆಗಳನ್ನು ಬೇರ್ಪಡಿಸಬೇಕು. ನೀರು ತಾನಾಗಿ ಹರಿದ ತೊರೆ ಬಳಕುತ್ತದೆ, ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ, ಮರದ ಕೊಂಬೆಯಂತೆ ಓರೆಯಾಗಿ ಕವಲೊಡೆಯುತ್ತದೆ. ಮನುಷ್ಯ ತೋಡಿದ್ದು ಉದ್ದಕ್ಕೂ ಒಂದೇ ಅಗಲ. ತಿರುಗುವಾಗ ಗಕ್ಕನೆ ತಿರುಗುತ್ತದೆ, ಇನ್ನೊಂದನ್ನು ಕೂಡುವಾಗ ಕಟ್ಟಡದ ಮೂಲೆಯಂತೆ ನೇರ ಕೂಡುತ್ತದೆ. ಎರಡರ ಮಿಶ್ರಣವೂ ಉಂಟು. ತೊರೆಯೊಂದರ ಬಳುಕಿನ ನಡುವೆ ಎರಡು ನೂರು ಮೀಟರ್ ಮಾತ್ರ ನೆಟ್ಟಗಿದ್ದರೆ, ಯಾರೋ ಇದ್ದ ತೊರೆಯನ್ನೇ ತಿದ್ದಿ ಕೆಲಸಕ್ಕೆ ಹಚ್ಚಿದ್ದಾರೆ ಎಂದು ಶಂಕಿಸಿ.

ಬಣ್ಣವೂ ನೆರವಾಗುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ, ಉಳುಮೆಯಾದ ಹೊಲದಲ್ಲಿ, ಕಪ್ಪು ಪೀಟಿನ ಮೇಲೆ ರಾಡನ್‌ನ ಹೂಳು ಬೂದಿ ಬಳಿದಂತೆ ಕಾಣುತ್ತದೆ. ಸಮುದ್ರದ ಹತ್ತಿರದ ಹೂಳುನೆಲದಲ್ಲಿ ಇದು ಉಲ್ಟಾ. ಅಲ್ಲಿ ಬಿಳಿಚಿದ ನೆಲದ ಮೇಲೆ, ಗೊಬ್ಬರದಂಥ ಮಣ್ಣು ತುಂಬಿಕೊಂಡ ಹಳೆಯ ಕಾಲುವೆಗಳು ಕಪ್ಪು ಗೆರೆಗಳಾಗುತ್ತವೆ. ಒಣ ಬೇಸಿಗೆಯಲ್ಲಿ ಬೆಳೆಯೇ ಗುರುತು ಕೊಡುತ್ತದೆ: ಮುಚ್ಚಿಹೋದ ಕಾಲುವೆಯಲ್ಲಿ ತೇವ ನಿಲ್ಲುವುದರಿಂದ ಅದರ ಮೇಲಿನ ಗೋಧಿ ಹೆಚ್ಚು ದಿನ ಹಸಿರಾಗಿರುತ್ತದೆ.

ಇಲ್ಲಿ ನನ್ನ ಒಂದು ಪೆದ್ದುತನ ಹೇಳಿಕೊಳ್ಳಬೇಕು. ಮೊದಲ ವರ್ಷ ಉಪಗ್ರಹ ಚಿತ್ರದಲ್ಲಿ ಒಂದು ಹೊಲದ ತುಂಬ ಬಾಚಣಿಗೆ ಎಳೆದಂತೆ ಸಾಲುಸಾಲು ಗೆರೆಗಳನ್ನು ಕಂಡು, ರೋಮನ್ನರ ಹೊಲದ ವ್ಯವಸ್ಥೆ ಸಿಕ್ಕಿತೆಂದು ಕುಣಿದಾಡಿದೆ. ಅಚ್ಚು ಹಾಕಿಸಿ ಆ ಕಡೆಯ ಒಬ್ಬ ವಯಸ್ಸಾದ ರೈತರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ತಮ್ಮ ಮುತ್ತಜ್ಜನ ಕಾಲದ ಕೆಲಸವದು ಎಂದು ನಕ್ಕರು. ಹತ್ತೊಂಬತ್ತನೆಯ ಶತಮಾನದಲ್ಲಿ ಹಗುರವಾದ ಪೀಟ್ ಮಣ್ಣಿಗೆ ಭಾರ ಕೊಡಲು ರೈತರು ಸಮಾನಾಂತರ ಕಂದಕ ತೋಡಿ, ಕೆಳಗಿನ ಜೇಡಿಯನ್ನು ಮೇಲೆತ್ತಿ ಹರಡುತ್ತಿದ್ದರು. ಕೆರೆಗೋಡು ಹೊಡೆಯುವ ನಮ್ಮ ರೂಢಿಗೆ ಹತ್ತಿರದ್ದು. ಇಲ್ಲಿ ಗೋಡು ಹೊಲದ ಅಡಿಯಲ್ಲೇ ಇತ್ತು ಅಷ್ಟೆ. ಮೀನಿನ ಮುಳ್ಳಿನಂತೆ ಓರೆಯಾಗಿ ಕೂಡುವ ಸಣ್ಣ ಗೆರೆಗಳಿದ್ದರೆ ಅವು ಇನ್ನೂ ಹೊಸವು, ನೆಲದಡಿಯ ಬಸಿಕೊಳವೆಗಳು. ಇವೆರಡನ್ನೂ ಕಲಿತ ಮೇಲೆ ನಿಮ್ಮ ‘ಸಂಶೋಧನೆ’ಗಳ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ. ಇಳಿಯಲಿ.

ಮೂರನೆಯ ಹೆಜ್ಜೆ: ಯಾವುದು ಯಾವುದನ್ನು ಕತ್ತರಿಸಿದೆ

ನೆಟ್ಟಗಿರುವುದೆಲ್ಲ ಹೊಸದು, ಡೊಂಕಾದದ್ದೆಲ್ಲ ಹಳೆಯದು ಎಂಬ ಲೆಕ್ಕ ನಿಲ್ಲುವುದಿಲ್ಲ. ರೋಮನ್ನರೂ ನೆಟ್ಟಗೆ ತೋಡಿದರು, ಕಂಚಿನ ಯುಗದವರೂ ತೋಡಿದರು. ನೋಟದಿಂದ ಕಾಲ ಹೇಳಬೇಡಿ, ಅಡ್ಡಹಾಯುವಿಕೆಯಿಂದ ಹೇಳಿ. ಎರಡು ಗೆರೆ ಸೇರುವಲ್ಲಿ ಒಂದು ಇನ್ನೊಂದನ್ನು ತುಂಡರಿಸಿದ್ದರೆ ತುಂಡರಿಸಿದ್ದು ಕಿರಿಯದು.

ಇದನ್ನು ಕಲಿಯಲು ಓಲ್ಡ್ ಬೆಡ್‌ಫರ್ಡ್ ನದಿಗಿಂತ ಒಳ್ಳೆಯ ಪಾಠವಿಲ್ಲ. ಹೆಸರು ನದಿ, ಆದರೆ 1637ರಲ್ಲಿ ತೋಡಿ ಮುಗಿಸಿದ ಕಾಲುವೆ. ಬೆಡ್‌ಫರ್ಡ್‌ನ ಅರ್ಲ್ ಮತ್ತು ಜೊತೆಗಾರರ ಹಣ, ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮೂಡನ್ ಅವರ ಯೋಜನೆ. ಎರಿತ್‌ನಿಂದ ಡೆನ್ವರ್ ಸಮೀಪದವರೆಗೆ ಸುಮಾರು 34 ಕಿಲೋಮೀಟರ್, ಹಗ್ಗ ಹಿಡಿದು ಎಳೆದಷ್ಟು ನೇರ. ಎಷ್ಟು ನೇರವೆಂದರೆ, 1838ರಲ್ಲಿ ಸ್ಯಾಮ್ಯುಯೆಲ್ ರೋಬಾಥಮ್ ಎಂಬವರು ಇದರ ನೀರಿನಲ್ಲಿ ನಿಂತು, ಆರು ಮೈಲಿ ದೂರ ಹೋದ ದೋಣಿ ಇನ್ನೂ ಕಾಣುತ್ತಿದೆ, ಆದ್ದರಿಂದ ಭೂಮಿ ಚಪ್ಪಟೆ ಎಂದು ಸಾಧಿಸಲು ಹೊರಟರು! ನೀರಿನ ಮೇಲೆ ಬೆಳಕು ಬಾಗುವುದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. 1651ರಲ್ಲಿ ಇದರ ಪಕ್ಕಕ್ಕೇ ನ್ಯೂ ಬೆಡ್‌ಫರ್ಡ್ ನದಿಯನ್ನು ತೋಡಿದರು. ಡನ್‌ಬಾರ್ ಯುದ್ಧದಲ್ಲಿ ಸೆರೆಸಿಕ್ಕ ಸ್ಕಾಟ್ ಕೈದಿಗಳನ್ನು ಆ ಕೆಲಸಕ್ಕೆ ಹಚ್ಚಿದ್ದರು. ಎರಡರ ನಡುವಿನ ಪಟ್ಟಿಯಲ್ಲಿ ಈಗಲೂ ಚಳಿಗಾಲದ ನೆರೆ ನಿಲ್ಲಿಸುತ್ತಾರೆ.

ಉಪಗ್ರಹ ಚಿತ್ರದಲ್ಲಿ ಈ ಜೋಡಿಗೆರೆಯನ್ನು ಹಿಡಿದು ವೆಲ್ನಿ ಊರಿನವರೆಗೆ ಬನ್ನಿ. ಅಲ್ಲಿ ಓಲ್ಡ್ ಕ್ರಾಫ್ಟ್ ಎಂಬ ಸತ್ತ ನದಿಯ ಅಂಕುಡೊಂಕು ಪಾತ್ರ ಕಾಣುತ್ತದೆ. ನೆಟ್ಟಗಿನ ಕಾಲುವೆ ಹಾವಿನಂಥ ಪಾತ್ರವನ್ನು ಕತ್ತಿಯಂತೆ ಸೀಳಿದೆ. ಫೆನ್ಸ್‌ನಲ್ಲಿ ಇನ್ನೊಂದು ಸುಳುಹು ಗ್ರಾಮದ ಗಡಿರೇಖೆ. ಚೌಕಟ್ಟಾದ ಹೊಲಗಳ ನಡುವೆ ಕಾರಣವಿಲ್ಲದೆ ಬಳಕುತ್ತ ಹೋಗುವ ಗಡಿ, ಬಹಳ ಸಲ, ಬತ್ತಿದ ನದಿಯನ್ನೇ ಹಿಂಬಾಲಿಸುತ್ತಿರುತ್ತದೆ. ನೀರು ಹೋದರೂ ಕಂದಾಯದ ಗೆರೆ ಉಳಿಯುತ್ತದೆ.

ವರ್ಮೂಡನ್‌ಗಿಂತ ಹಿಂದೆಯೂ ಈ ಕೆಲಸ ನಡೆದಿತ್ತು. ಈಲಿಯ ಬಿಷಪ್ ಜಾನ್ ಮಾರ್ಟನ್ 1478ರಿಂದ 1490ರ ನಡುವೆ ಪೀಟರ್‌ಬರೋ ಬದಿಯಿಂದ ಗೈಹರ್ನ್‌ವರೆಗೆ ಸುಮಾರು 12 ಮೈಲಿ ಕಾಲುವೆ ತೋಡಿಸಿದರು. ಮಾರ್ಟನ್ಸ್ ಲೀಮ್ ಎಂಬ ಹೆಸರಿನಲ್ಲಿ ಇಂದಿಗೂ ಅದರಲ್ಲಿ ನೀರಿದೆ.

ನಾಲ್ಕನೆಯ ಹೆಜ್ಜೆ: ತೋಡಿದ ಮಣ್ಣು ಎಲ್ಲಿ ಹೋಯಿತು?

ಕಾಲುವೆ ಮುಚ್ಚಿಹೋಗಬಹುದು, ತೋಡಿದ ಮಣ್ಣು ಎಲ್ಲಾದರೂ ಬಿದ್ದಿರಲೇಬೇಕು. ಒಂದೇ ಕಡೆ ಒಟ್ಟಿದ್ದರೆ ಆ ಕಡೆಯ ನೆಲವನ್ನು ನೀರಿನಿಂದ ಕಾಯುವುದು ಉದ್ದೇಶವಾಗಿತ್ತು. ಎರಡೂ ಕಡೆ ಇದ್ದರೆ ನೀರನ್ನು ಎತ್ತರದಲ್ಲಿ ಕಟ್ಟಿ ಸಾಗಿಸುವುದಿತ್ತು. ಏರಿಯ ಉದ್ದಕ್ಕೂ ಒಂದು ಬದಿ ಅಗಲವಾದ ತಗ್ಗಿದ್ದರೆ ಏರಿಗೆ ಮಣ್ಣು ತೆಗೆದ ಹೊಂಡ ಅದು.

ಕುಮಟಾ ತಾಲ್ಲೂಕಿನ ಗಜನಿ ಗದ್ದೆಗಳನ್ನು ಬಲ್ಲವರಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರಿಗೆ ಅಡ್ಡ ಕಟ್ಟಿದ ಒಡ್ಡು, ಇಳಿತಕ್ಕೆ ತೆರೆದು ಉಬ್ಬರಕ್ಕೆ ಮುಚ್ಚುವ ಬಾಗಿಲು, ಒಳಗೆ ಉಪ್ಪು ತಡೆಯುವ ಕಗ್ಗ ಭತ್ತ. ನನ್ನ ಅಜ್ಜ ಒಡ್ಡಿನ ಮೇಲೆ ನಡೆಯುವಾಗ ನೀರನ್ನು ನೋಡುತ್ತಿರಲಿಲ್ಲ, ಒಡ್ಡಿನ ಬುಡ ನೋಡುತ್ತಿದ್ದರು. ಬುಡದಲ್ಲಿ ಮಣ್ಣಿನ ಬಣ್ಣ ಬದಲಾದಲ್ಲಿ ಹಿಂದೊಮ್ಮೆ ಒಡೆದಿತ್ತು, ಅಲ್ಲೇ ಮತ್ತೆ ಒಡೆಯುತ್ತದೆ ಎನ್ನುತ್ತಿದ್ದರು. ಫೆನ್ಸ್‌ನಲ್ಲೂ ಏರಿ ಒಡೆದ ಜಾಗ ಸಿಕ್ಕುವುದು ಹೀಗೆಯೇ. ನೇರವಾಗಿ ಬಂದ ಏರಿ ಒಂದೆಡೆ ಅರ್ಧಚಂದ್ರಾಕಾರವಾಗಿ ಸುತ್ತಿಕೊಂಡು ಹೋಗಿದ್ದರೆ, ಒಳಬದಿಯಲ್ಲಿ ಸಣ್ಣ ಕೊಳವಿದ್ದರೆ, ನೀರು ನುಗ್ಗಿ ಕೊರೆದ ಗುಂಡಿಯನ್ನು ಬಳಸಿ ಏರಿಯನ್ನು ಮತ್ತೆ ಕಟ್ಟಿದ್ದಾರೆ ಎಂದು ತಿಳಿಯಬಹುದು.

ಐದನೆಯ ಹೆಜ್ಜೆ: ಕಾಲುವೆಯ ಪಕ್ಕೆಯನ್ನು ನೋಡಿ

ನನ್ನ ಮಟ್ಟಿಗೆ ಇಡೀ ದಿನದ ಸಾರ ಇಲ್ಲಿದೆ. ಇಂದಿನ ಬಸಿಗಾಲುವೆಗಳ ಹೂಳನ್ನು ಆಗಾಗ ಯಂತ್ರದಿಂದ ಎತ್ತುತ್ತಾರೆ. ಆಗ ಎರಡೂ ಪಕ್ಕೆಗಳು ಚಾಕುವಿನಿಂದ ಕತ್ತರಿಸಿದ ಕೇಕಿನಂತೆ ಪದರ ಪದರವಾಗಿ ತೆರೆದುಕೊಳ್ಳುತ್ತವೆ.

1982ರಲ್ಲಿ ಪುರಾತತ್ವಜ್ಞ ಫ್ರಾನ್ಸಿಸ್ ಪ್ರಯರ್ ಪೀಟರ್‌ಬರೋ ಬಳಿ ಹೀಗೆ ಹೂಳೆತ್ತಿದ ಕಾಲುವೆಯೊಂದರ ಬದಿಯಲ್ಲಿ ನಡೆಯುತ್ತಿದ್ದಾಗ ಕಾಲಿಗೆ ಒಂದು ಮರದ ತುಂಡು ತಗುಲಿತು. ಸೀಳಿದ ಓಕ್. ಓಕ್ ಮರ ನೀರು ನಿಂತ ಜೌಗಿನಲ್ಲಿ ಬೆಳೆಯುವುದಿಲ್ಲ, ತಾನಾಗಿ ಹಾಗೆ ಸೀಳಿಕೊಳ್ಳುವುದೂ ಇಲ್ಲ. ಯಾರೋ ಹೊತ್ತು ತಂದಿರಬೇಕು. ಅದೇ ಜಾಗದಲ್ಲಿ ರೋಮನ್ ರಸ್ತೆಯ ಜಲ್ಲಿ ಪೀಟಿನಲ್ಲಿ ಪಟ್ಟಿಯಾಗಿ ಕಾಣುತ್ತಿತ್ತು, ಮರ ಅದಕ್ಕಿಂತ ಕೆಳಗಿನ ಮಟ್ಟದಿಂದ ಬಂದಿತ್ತು. ಅಂದರೆ ರೋಮನ್ನರಿಗಿಂತ ಎಷ್ಟೋ ಹಳೆಯದು. ಆ ಒಂದು ತುಂಡಿನಿಂದ ಹೊರಬಂದದ್ದೇ ಫ್ಲ್ಯಾಗ್ ಫೆನ್: ಜೌಗಿಗೆ ಅಡ್ಡಲಾಗಿ ಸುಮಾರು ಒಂದು ಕಿಲೋಮೀಟರ್ ಉದ್ದ ನೆಟ್ಟ ಕಂಬಗಳ ಸಾಲು, ಮೂರು ಸಾವಿರ ವರ್ಷ ಹಿಂದಿನ ಕಂಚಿನ ಯುಗದ್ದು. ಈಗ ಅದು ಸಾರ್ವಜನಿಕರಿಗೆ ತೆರೆದಿದೆ, ತಪ್ಪದೆ ನೋಡಿ.

ನೀವು ಪಕ್ಕೆ ನೋಡುವಾಗ ಹುಡುಕಬೇಕಾದದ್ದು ಮುಖ್ಯವಾಗಿ ಒಂದು ಆಕಾರ. ಕಪ್ಪು ಅಥವಾ ಕಂದು ಪದರಗಳ ನಡುವೆ ಬೋಗುಣಿಯಂತೆ ಇಳಿದ, ಬೇರೆ ಬಣ್ಣದ ಮಣ್ಣು ತುಂಬಿದ ತಗ್ಗು. ಅದು ಮುಚ್ಚಿಹೋದ ಹಳೆಯ ಕಾಲುವೆಯ ಅಡ್ಡಕೊಯ್ತ. ತಳದಲ್ಲಿ ಸಣ್ಣ ಕಣದ ಬೂದು ಹೂಳಿದ್ದರೆ ನೀರು ಹರಿಯುತ್ತಿತ್ತು. ಮೇಲೆ ಪೀಟ್ ತುಂಬಿದ್ದರೆ ಜನ ಅದನ್ನು ಕೈಬಿಟ್ಟು, ಜೊಂಡು ಬೆಳೆದು ಜೌಗು ಮರಳಿ ಬಂದಿದೆ. ಬೋಗುಣಿಯೊಳಗೆ ಇನ್ನೊಂದು ಚಿಕ್ಕ ಬೋಗುಣಿ ಕಂಡರೆ ಮುಚ್ಚಿದ್ದನ್ನು ಮತ್ತೆ ತೋಡಿದ್ದಾರೆ. ಹೀಗೆ ನಾಲ್ಕೈದು ಸಲ ತೋಡಿದ ಕಾಲುವೆ ಎಂದರೆ ತಲೆಮಾರುಗಟ್ಟಲೆ ಯಾರೋ ಹೂಳೆತ್ತಲು ಜನ ಸೇರಿಸುತ್ತಿದ್ದರು, ಬಹುಶಃ ಬಾರದವರಿಗೆ ದಂಡವನ್ನೂ ಹಾಕುತ್ತಿದ್ದರು.

ಕಾಲ ನಿರ್ಣಯ ಪ್ರಯೋಗಾಲಯದ ಕೆಲಸ. ಮರವಿದ್ದರೆ ಅದರ ವಾರ್ಷಿಕ ಉಂಗುರಗಳು, ಬೀಜ ಮತ್ತು ರೆಂಬೆಗಳಿದ್ದರೆ ರೇಡಿಯೋಕಾರ್ಬನ್, ಮಡಕೆ ಚೂರಿದ್ದರೆ ಅದರ ಶೈಲಿ. ಪರಾಗ ಮತ್ತು ಜೀರುಂಡೆಯ ರೆಕ್ಕೆಚೂರುಗಳಿಂದ ಸುತ್ತ ಹುಲ್ಲುಗಾವಲಿತ್ತೇ ಹೊಲವಿತ್ತೇ ಎಂಬುದನ್ನೂ ಹೇಳುತ್ತಾರೆ.

ಆರನೆಯ ಹೆಜ್ಜೆ: ಬಸಿಯಲಿಕ್ಕೇ ತೋಡಿದ್ದೆಂದು ಹೇಗೆ ಗೊತ್ತು?

ಜೌಗಿನಲ್ಲಿ ಕಾಲುವೆ ಕಂಡ ಕೂಡಲೇ ನೀರು ಬಸಿಯಲು ಎಂದು ಬರೆದುಬಿಡುವುದು ಎಲ್ಲರೂ ಮಾಡುವ ತಪ್ಪು. ಫ್ಲ್ಯಾಗ್ ಫೆನ್‌ನ ಪಕ್ಕದ ಫೆನ್‌ಗೇಟ್‌ನಲ್ಲಿ ಕಂಚಿನ ಯುಗದ ಜೋಡಿ ಕಾಲುವೆಗಳು ಜೌಗಿನ ಅಂಚಿಗೆ ನೇರವಾಗಿ ಇಳಿಯುತ್ತವೆ. ಅವು ನೀರನ್ನೂ ಬಸಿದಿರಬಹುದು. ಆದರೆ ಅಲ್ಲಿಯ ಎಷ್ಟೋ ಹೊಲಗಳ ಬಾಗಿಲು ಮೂಲೆಯಲ್ಲಿದೆ ಎಂಬುದನ್ನು ಪ್ರಯರ್ ಗಮನಿಸಿದರು. ಸ್ವತಃ ಕುರಿ ಸಾಕಿದವರಾದ್ದರಿಂದ ಅವರಿಗೆ ಹೊಳೆಯಿತು: ಹಿಂಡನ್ನು ಅಟ್ಟುವಾಗ ಅದು ತಾನಾಗಿ ಮೂಲೆಗೆ ಸೇರುತ್ತದೆ. ಕಾಲುವೆಯ ಜೋಡಿಗಳ ನಡುವಿನದು ದನಕುರಿ ಹೊಡೆದುಕೊಂಡು ಹೋಗುವ ಓಣಿ.

ಕಾರ್ ಡೈಕ್‌ನದೂ ಇಂಥದೇ ಜಗಳ. ಫೆನ್ಸ್‌ನ ಪಶ್ಚಿಮದ ಅಂಚಿನಲ್ಲಿ ಪೀಟರ್‌ಬರೋದಿಂದ ಲಿಂಕನ್ ಕಡೆಗೆ ಸಾಗುವ ರೋಮನ್ ಕಾಲುವೆ ಅದು. ಸೈನ್ಯಕ್ಕೆ ಧಾನ್ಯ ಸಾಗಿಸುವ ದೋಣಿಮಾರ್ಗವೆಂದು ಹದಿನೆಂಟನೆಯ ಶತಮಾನದಿಂದ ಹೇಳಿಕೊಂಡು ಬಂದರು. ಆಮೇಲೆ ನೆಲಮಟ್ಟ ಅಳೆದು ನೋಡಿದಾಗ, ನಡುನಡುವೆ ಅಗೆಯದೆ ಬಿಟ್ಟ ಜಲ್ಲಿಯ ಅಡ್ಡಗಟ್ಟುಗಳು ಕಂಡುಬಂದವು. ದೋಣಿ ಅವನ್ನು ಹಾರಿ ಹೋಗುವಂತಿಲ್ಲ. ಮೇಲಿನ ಗಟ್ಟಿನೆಲದಿಂದ ಇಳಿಯುವ ನೀರನ್ನು ಜೌಗಿಗೆ ಸೇರುವ ಮೊದಲೇ ಹಿಡಿಯುವ ಕಾಲುವೆ ಎಂಬ ವಾದಕ್ಕೆ ಇದರಿಂದ ಬಲ ಬಂತು. ಆದ್ದರಿಂದ ನೀವೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಇಳಿಜಾರು ಯಾವ ಕಡೆಗೆ? ಹೊರಹೋಗಲು ಬಾಯಿ ಇದೆಯೇ? ನಡುವೆ ತಡೆ ಇದೆಯೇ? ಬಾಯಿಯಿಲ್ಲದ ಕಾಲುವೆ ನೀರನ್ನು ಬಸಿಯುವುದಿಲ್ಲ, ನಿಲ್ಲಿಸಿಕೊಳ್ಳುತ್ತದೆ.

ಯಂತ್ರಗಳ ಕಾಲದ ಗುರುತಿಗೆ ಹೆಚ್ಚು ತಿಣುಕಬೇಕಿಲ್ಲ. 1899ರಿಂದ ನ್ಯಾಷನಲ್ ಟ್ರಸ್ಟ್ ಕೈಯಲ್ಲಿರುವ ವಿಕೆನ್ ಫೆನ್‌ನಲ್ಲಿ ನೀರೆತ್ತುವ ಮರದ ಗಾಳಿಯಂತ್ರವೊಂದು ನಿಂತಿದೆ. ಸ್ಟ್ರೆಟ್‌ಹ್ಯಾಮ್‌ನಲ್ಲಿ 1831ರ ಉಗಿಯಂತ್ರದ ಮನೆ ಹೊಗೆಕೊಳವೆಯ ಸಮೇತ ಉಳಿದಿದೆ. ಅದರ ತೊಟ್ಟಿಲುಚಕ್ರದಂಥ ನೀರೆತ್ತುವ ಗಾಲಿಯ ಮುಂದೆ ನಿಂತರೆ ಪೀಟ್ ಕುಗ್ಗಿದಂತೆಲ್ಲ ಇನ್ನೂ ದೊಡ್ಡ ಗಾಲಿ ಏಕೆ ಬೇಕಾಯಿತು ಎಂಬುದು ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಹೋಗುವಾಗ, ಬರುವಾಗ

ಸಾರ್ವಜನಿಕ ಕಾಲುದಾರಿ ಎಂದು ಬಾಣದ ಗುರುತಿರುವಲ್ಲಿ ಮಾತ್ರ ನಡೆಯಿರಿ. ಉಳಿದದ್ದೆಲ್ಲ ಖಾಸಗಿ ಹೊಲ, ರೈತರನ್ನು ಕೇಳಿಯೇ ಕಾಲಿಡಬೇಕು. ಕಾಲುವೆಯೊಳಗೆ ಎಂದೂ ಇಳಿಯಬೇಡಿ. ಪಕ್ಕೆ ಜಾರುತ್ತದೆ, ತಳದ ಕೆಸರು ಮೊಣಕಾಲು ಹಿಡಿದರೆ ಒಬ್ಬರೇ ಹೊರಬರುವುದು ಕಷ್ಟ. ಎದುರು ದಂಡೆಯಿಂದ ಫೋಟೋ ತೆಗೆದರೆ ಪಕ್ಕೆ ಇನ್ನೂ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಬೇಗ ಅಥವಾ ಸೂರ್ಯ ಇಳಿಯುವ ಹೊತ್ತು ಆರಿಸಿಕೊಳ್ಳಿ, ಓರೆ ಬಿಸಿಲಿನಲ್ಲಿ ರಾಡನ್‌ನ ನೆರಳು ಬೀಳುತ್ತದೆ. ಕಾರ್ ಡೈಕ್‌ನ ಹಲವು ಭಾಗಗಳು 1979ರ ಸ್ಮಾರಕ ಕಾಯಿದೆಯ ರಕ್ಷಣೆಯಲ್ಲಿವೆ. ಅಂಥಲ್ಲಿ ಅಗೆಯುವುದಾಗಲಿ, ಅನುಮತಿಯಿಲ್ಲದೆ ಲೋಹಶೋಧಕ ಹಿಡಿದು ಓಡಾಡುವುದಾಗಲಿ ಅಪರಾಧ.

ಮರದ ತುಂಡು ಕಂಡರೆ ಎಳೆಯಬೇಡಿ. ಮೂರು ಸಾವಿರ ವರ್ಷ ನೀರಿನೊಳಗೆ ಗಾಳಿ ತಾಗದೆ ಉಳಿದದ್ದು ನಿಮ್ಮ ಕಾರಿನ ಡಿಕ್ಕಿಯಲ್ಲಿ ಒಂದು ವಾರದಲ್ಲಿ ಬಿರಿದು ಸೌದೆಯಾಗುತ್ತದೆ. ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿಯೋ ಪೆನ್ನೋ ಇಟ್ಟು ಫೋಟೋ ತೆಗೆಯಿರಿ. ಮೊಬೈಲಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಯಾವ ದಿಕ್ಕಿನ ಪಕ್ಕೆ, ನೆಲದಿಂದ ಅಂದಾಜು ಎಷ್ಟು ಕೆಳಗೆ, ಮೇಲೆ ಯಾವ ಪದರ, ಕೆಳಗೆ ಯಾವ ಪದರ ಎಂದು ನಾಲ್ಕು ಸಾಲು ಸಾಕು. ಅದನ್ನು ಆಯಾ ಜಿಲ್ಲೆಯ ಪಾರಂಪರಿಕ ದಾಖಲೆ ಕಚೇರಿಗೆ ಇಮೇಲ್ ಮಾಡಿ. ಪ್ರತಿ ಜಿಲ್ಲೆಗೂ ಅಂಥದೊಂದು ವ್ಯವಸ್ಥೆಯಿದೆ.

ನಾನು ಈವರೆಗೆ ಮೂರು ಸಲ ಕಳಿಸಿದ್ದೇನೆ. ಎರಡಕ್ಕೆ, ಹತ್ತೊಂಬತ್ತನೆಯ ಶತಮಾನದ ಜೇಡಿ ಕಂದಕವೆಂದು ವಿನಯದ ಉತ್ತರ ಬಂತು. ಮೂರನೆಯದಕ್ಕೆ, ಹೆಚ್ಚಿನ ಫೋಟೋ ಇದ್ದರೆ ಕಳಿಸಿ ಎಂದಿದ್ದಾರೆ. ಮುಂದಿನ ಶನಿವಾರ ಮಳೆ ಬಾರದಿದ್ದರೆ ಹೋಗಿ ತೆಗೆದುಕೊಂಡು ಬರಬೇಕು.